ಸೇವಾ ಕ್ಲಬ್ಬಿನ ಸದಸ್ಯತ್ವ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಕ್ಲಬ್ಬಿನ ಕಾರ್ಯದರ್ಶಿಯಾಗಿ, ಆಮೇಲೆ ಸದಸ್ಯತ್ವ ಸಮಿತಿಯಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಬೇರೆ ಕ್ಲಬ್ಬುಗಳ ಪದಾಧಿಕಾರಿಗಳು ಸಿಕ್ಕಾಗಲೆಲ್ಲ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ: ಜನ ಬರುತ್ತಿಲ್ಲ, ಬಂದವರು ಉಳಿಯುತ್ತಿಲ್ಲ. ನಿಮ್ಮದು ರೋಟರಿಯೋ, ಲಯನ್ಸೋ, ಕಿವಾನಿಸ್ಸೋ, ಯಾವ ದೊಡ್ಡ ಸಂಸ್ಥೆಗೂ ಸೇರದ ಸಣ್ಣ ಸೇವಾ ಸಂಘವೋ, ಯಾವುದೇ ಇರಲಿ, ತೊಂದರೆ ಹೆಚ್ಚುಕಮ್ಮಿ ಒಂದೇ. ಅವರು ಕೇಳುವ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ಪ್ರತಿ ವರ್ಷ ಹೊಸಬರನ್ನು ಸೇರಿಸುತ್ತೇವೆ. ಆದರೂ ಸಂಖ್ಯೆ ಇದ್ದಲ್ಲೇ ಇದೆ. ಯಾಕೆ?

ಒಂದು ಕ್ಲಬ್ಬಿನಲ್ಲಿ 40 ಜನ ಇದ್ದಾರೆ ಅಂದುಕೊಳ್ಳಿ. ವರ್ಷಕ್ಕೆ 6 ಜನ ಸೇರುತ್ತಾರೆ, 6 ಜನ ಬಿಡುತ್ತಾರೆ. ವಾರ್ಷಿಕ ವರದಿಯಲ್ಲಿ ಪ್ರತಿ ಸಲವೂ 40 ಅಂತಲೇ ಬರುತ್ತದೆ. ಯಾರಿಗೂ ಗಾಬರಿ ಆಗುವುದಿಲ್ಲ. ಆದರೆ 5 ವರ್ಷದಲ್ಲಿ 30 ಜನ ಎದ್ದು ಹೋಗಿರುತ್ತಾರೆ. ಅವರೆಲ್ಲ ನಿಮ್ಮ ಸುತ್ತಮುತ್ತಲೇ ಇರುತ್ತಾರೆ. ಯಾರಾದರೂ ಕ್ಲಬ್ಬಿನ ಬಗ್ಗೆ ಕೇಳಿದರೆ, 'ನಾನೂ ಇದ್ದೆ, ಅಂಥದ್ದೇನಿಲ್ಲ' ಅನ್ನುತ್ತಾರೆ. ಆ ಒಂದು ಮಾತು ನಿಮ್ಮ ಎಲ್ಲ ಪ್ರಚಾರವನ್ನೂ ನುಂಗಿಬಿಡುತ್ತದೆ.

ಅದಕ್ಕೇ ನಾನು ಮೊದಲು ಹೇಳುವ ಕೆಲಸ ಇದು. ಕಳೆದ 5 ವರ್ಷದಲ್ಲಿ ಸೇರಿದ ಎಲ್ಲರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಅವರು ಸೇರಿದ ತಿಂಗಳು, ಬರುವುದನ್ನು ನಿಲ್ಲಿಸಿದ ತಿಂಗಳು ಬರೆಯಿರಿ. ರಾಜೀನಾಮೆ ಕೊಟ್ಟ ತಿಂಗಳು ಬೇಡ, ಬರುವುದನ್ನು ನಿಲ್ಲಿಸಿದ ತಿಂಗಳೇ ಬೇಕು. ಜಾಸ್ತಿ ಜನ ಮೊದಲ ವರ್ಷದಲ್ಲೇ ಬಿಟ್ಟಿದ್ದರೆ ನೀವು ಬರಮಾಡಿಕೊಂಡ ರೀತಿಯಲ್ಲಿ ಕೊರತೆ ಇದೆ. ಮೂರು ನಾಲ್ಕು ವರ್ಷ ಇದ್ದು ಬಿಟ್ಟಿದ್ದರೆ ಅವರಿಗೆ ಮಾಡಲು ಕೆಲಸ ಇರಲಿಲ್ಲ. ಅಧ್ಯಕ್ಷಗಿರಿ ಮುಗಿಸಿದ ಮೇಲೆ ಬಿಡುತ್ತಿದ್ದರೆ ಆ ಒಂದು ವರ್ಷದಲ್ಲಿ ಅವರನ್ನು ಹಿಂಡಿಹಾಕಿದ್ದೀರಿ.

ಜನ ನಿಜವಾಗಿ ಯಾಕೆ ಬಿಡುತ್ತಾರೆ?

ಪತ್ರದಲ್ಲಿ ಬರೆಯುವುದು ಒಂದೇ: 'ಸಮಯದ ಅಭಾವದಿಂದ'. ಇದನ್ನು ಪೂರ್ತಿ ನಂಬಬೇಡಿ. ಅದೇ ವ್ಯಕ್ತಿ ಬೇರೆಲ್ಲೋ ಮನಸ್ಸಿಟ್ಟು ದುಡಿಯುತ್ತಿರುತ್ತಾರೆ. ಸಮಯ ಇದೆ, ಅದನ್ನು ನಮಗೆ ಕೊಡಬೇಕು ಅಂತ ಅವರಿಗೆ ಅನಿಸಲಿಲ್ಲ ಅಷ್ಟೆ.

ನಾನು ಕಾರ್ಯದರ್ಶಿಯಾಗಿದ್ದಾಗ ಒಬ್ಬ ಸದಸ್ಯರಿಗೆ ಫೋನ್ ಮಾಡಿದೆ. ಅವರು ಸಭೆಗೆ ಬಂದು ಐದು ತಿಂಗಳಾಗಿತ್ತು. ನಾನು ಹೆಸರು ಹೇಳಿದ ತಕ್ಷಣ ಅವರು, 'ಬಾಕಿ ಎಷ್ಟಿದೆ ಹೇಳಿ ಸರ್, ಕಳಿಸ್ತೀನಿ' ಅಂದರು. ನಾನು ಕೇಳಬೇಕು ಅಂದುಕೊಂಡಿದ್ದೂ ಅದನ್ನೇ. ಮಾತು ಮುಂದುವರಿದಾಗ ಗೊತ್ತಾಯಿತು, ಅವರ ತಾಯಿಗೆ ಆಪರೇಷನ್ ಆಗಿತ್ತಂತೆ. ಎರಡು ತಿಂಗಳು ಆಸ್ಪತ್ರೆಗೂ ಮನೆಗೂ ಓಡಾಡಿದ್ದರಂತೆ. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದೇ ಎರಡು ತಿಂಗಳಲ್ಲಿ ನಾವು ರಕ್ತದಾನ ಶಿಬಿರ ಮಾಡಿದ್ದೆವು, ಫೋಟೊ ತೆಗೆಸಿಕೊಂಡಿದ್ದೆವು. ಕಂಡರಿಯದವರಿಗೆ ಸಹಾಯ ಮಾಡುವ ಭರದಲ್ಲಿ ಪಕ್ಕದ ಕುರ್ಚಿಯವರನ್ನು ಮರೆತಿದ್ದೆವು. ಅವರು ಬಾಕಿ ಕಳಿಸಿದರು. ಜೊತೆಗೆ ರಾಜೀನಾಮೆಯನ್ನೂ ಕಳಿಸಿದರು.

ಬಿಟ್ಟು ಹೋದ ಬೇರೆಯವರ ಜೊತೆಗೂ ಆಮೇಲೆ ಕೂತು ಮಾತಾಡಿದ್ದೇನೆ. ಕಾರಣಗಳು ಸುತ್ತಿ ಬಳಸಿ ಮೂರೇ. ಬಂದರೂ ಬಾರದಿದ್ದರೂ ಯಾರೂ ಕೇಳಲಿಲ್ಲ. ಕೈಗೆ ಕೆಲಸ ಸಿಗಲಿಲ್ಲ. ಎಲ್ಲವನ್ನೂ ಅದೇ ನಾಲ್ಕು ಜನ ತೀರ್ಮಾನ ಮಾಡುತ್ತಿದ್ದರು. ಹಣದ ಮಾತು ಬರುತ್ತದೆ ನಿಜ, ಆದರೆ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ನಡೆದ ಮೇಲೆ ಬರುತ್ತದೆ.

ಯಾರು ಬಿಡುತ್ತಾರೆ ಅಂತ ಮೊದಲೇ ತಿಳಿಯುವುದು ಹೇಗೆ?

ಹಾಜರಿ ಪುಸ್ತಕ ತೆರೆದು ನೋಡಿ. ಒಟ್ಟು ಎಷ್ಟು ಜನ ಬಂದಿದ್ದರು ಅಂತ ಎಣಿಸಿ ಮುಚ್ಚಿಡುವ ಅಭ್ಯಾಸ ನಮಗೆಲ್ಲ ಇದೆ. ಅಡ್ಡಸಾಲಿನಲ್ಲಿ ಓದಿ, ಒಬ್ಬೊಬ್ಬರ ಹೆಸರಿನ ಮುಂದೆ ಬೆರಳಿಟ್ಟು. ಸಹಿ, ಸಹಿ, ಸಹಿ, ಖಾಲಿ, ಸಹಿ, ಖಾಲಿ, ಖಾಲಿ. ಈ ಸಾಲು ಕಂಡರೆ ಆ ಮನುಷ್ಯ ಎದ್ದು ನಿಂತಾಗಿದೆ, ಬಾಗಿಲ ಕಡೆ ನೋಡುತ್ತಿದ್ದಾರೆ. ರಾಜೀನಾಮೆ ಪತ್ರ ಬರಲು ಇನ್ನೂ ಆರು ತಿಂಗಳು ಬೇಕಾಗಬಹುದು, ಆದರೆ ಬಿಡುವ ತೀರ್ಮಾನ ಈಗಲೇ ಆಗುತ್ತಿದೆ.

ನಾವು ಮಾಡಿಕೊಂಡ ನಿಯಮ ಇಷ್ಟೆ. ಸತತ ಎರಡು ಸಭೆ ತಪ್ಪಿಸಿದವರಿಗೆ ಆ ವಾರವೇ ಒಂದು ಫೋನ್. ವಾಟ್ಸಾಪ್ ಮೆಸೇಜ್ ಸಾಲದು. ಫೋನ್ ಮಾಡುವವರು ಅವರಿಗೆ ಹತ್ತಿರದವರೇ ಆಗಿರಬೇಕು, ಅಧ್ಯಕ್ಷರೇ ಆಗಬೇಕೆಂದಿಲ್ಲ. 'ಯಾಕೆ ಬರಲಿಲ್ಲ' ಅಂತ ಕೇಳಬೇಡಿ, ಅದು ಹೆಡ್‌ಮಾಸ್ಟರ್ ಕೇಳಿದ ಹಾಗೆ ಇರುತ್ತದೆ. 'ಎರಡು ಸಲದಿಂದ ಕಾಣಲಿಲ್ಲ, ಎಲ್ಲ ಆರಾಮಾ?' ಅಷ್ಟು ಸಾಕು. ಆ ಕರೆಯಲ್ಲಿ ಶುಲ್ಕದ ಮಾತು ಎತ್ತಲೇಬಾರದು. ಬಾಕಿ ವಸೂಲಿಗೆ ಬೇರೆ ದಿನ, ಬೇರೆ ಜನ.

ಹೊಸ ಸದಸ್ಯರ ಮೊದಲ ಕೆಲವು ತಿಂಗಳು ಹೇಗಿರಬೇಕು?

ಅವರ ಕೈಗೆ ಒಂದು ಕೆಲಸ ಕೊಡಿ. ಉಳಿದದ್ದೆಲ್ಲ ಆಮೇಲೆ.

ಪಿನ್ನು ಚುಚ್ಚಿ, ಹೂಗುಚ್ಛ ಕೊಟ್ಟು, ಚಪ್ಪಾಳೆ ಹೊಡೆದು ಕೂರಿಸುತ್ತೇವೆ. ಮುಂದಿನ ವಾರ ಅವರು ಬಂದಾಗ ಯಾರ ಪಕ್ಕ ಕೂರಬೇಕು ಅಂತ ಗೊತ್ತಾಗದೆ ಬಾಗಿಲಲ್ಲೇ ನಿಲ್ಲುತ್ತಾರೆ. ಹಳಬರೆಲ್ಲ ತಮ್ಮ ತಮ್ಮ ಗುಂಪಿನಲ್ಲಿ ಮಾತಾಡುತ್ತಿರುತ್ತಾರೆ. ಇದು ಯಾರ ಕೆಟ್ಟತನವೂ ಅಲ್ಲ. ಆದರೆ ಹೊಸಬರಿಗೆ ಆ ಎರಡು ನಿಮಿಷ ತುಂಬಾ ಉದ್ದ.

ನಮ್ಮ ಒಂದು ಕಣ್ಣಿನ ತಪಾಸಣೆ ಶಿಬಿರದಲ್ಲಿ, ಸೇರಿ ಎರಡೇ ವಾರ ಆಗಿದ್ದ ಒಬ್ಬ ಸದಸ್ಯೆಗೆ ಟೋಕನ್ ಬರೆಯುವ ಕೆಲಸ ಕೊಟ್ಟೆವು. ಮೇಜು, ರಬ್ಬರ್ ಸ್ಟ್ಯಾಂಪು, ಚೀಟಿಗಳ ಕಟ್ಟು. ಮಧ್ಯಾಹ್ನದ ಹೊತ್ತಿಗೆ ಅವರ ಬೆರಳ ತುದಿಯೆಲ್ಲ ನೀಲಿ ಮಸಿ. ಓದಲು ಬಾರದ ಅಜ್ಜಿಯೊಬ್ಬರಿಗೆ ಟೋಕನ್ ನಂಬರ್ ಹೇಳಿದರೆ ಮರೆತುಹೋಗುತ್ತದೆ ಅಂತ, ಅವರ ಹಿಂದೆ ಮುಂದೆ ನಿಂತವರ ಮುಖ ತೋರಿಸಿ, 'ಇವರಾದ ಮೇಲೆ ನೀವು, ನೀವಾದ ಮೇಲೆ ಇವರು' ಅಂತ ಹೇಳಿಕೊಟ್ಟರು. ನಮಗೆ ಯಾರಿಗೂ ಹೊಳೆಯದ ಉಪಾಯ ಅದು. ಮುಂದಿನ ಶಿಬಿರದಿಂದ ಸಾಲು ನಿಲ್ಲಿಸುವ ಜವಾಬ್ದಾರಿ ಪೂರ್ತಿ ಅವರದೇ ಆಯಿತು. ಅವರು ಈಗಲೂ ಕ್ಲಬ್ಬಿನಲ್ಲಿದ್ದಾರೆ.

ಕೆಲಸದ ಜೊತೆಗೆ ಒಬ್ಬ ಜೊತೆಗಾರರೂ ಬೇಕು. ಸಾಮಾನ್ಯವಾಗಿ ಪರಿಚಯಿಸಿ ಕರೆತಂದವರಿಗೇ ಈ ಹೊಣೆ ಬೀಳುತ್ತದೆ. ನನ್ನ ಅನುಭವದಲ್ಲಿ ಬೇರೆ ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಕರೆತಂದವರು ಹೇಗೂ ಸ್ನೇಹಿತರು. ಇನ್ನೊಬ್ಬರು ಸಿಕ್ಕರೆ ಕ್ಲಬ್ಬಿನಲ್ಲಿ ಇಬ್ಬರು ಪರಿಚಯ ಆದಂತಾಯಿತು. ನೂರು ದಿನ ಕಳೆದ ಮೇಲೆ ಯಾರಾದರೂ ಕೂತು, 'ನೀವು ಅಂದುಕೊಂಡ ಹಾಗೆ ಇದೆಯಾ?' ಅಂತ ಕೇಳಬೇಕು. ಕೇಳಿ ಸುಮ್ನೆ ಕೇಳಿಸಿಕೊಳ್ಳಬೇಕು.

ಹೊಸಬರನ್ನು ಎಲ್ಲಿ ಹುಡುಕುವುದು?

ನಿಮ್ಮ ಸದಸ್ಯರ ಪಟ್ಟಿಯ ಪಕ್ಕ ಅವರವರ ಉದ್ಯೋಗ ಬರೆಯಿರಿ. ರೋಟರಿ ಶುರುವಾದ ಕಾಲದಿಂದ ಇರುವ ವರ್ಗೀಕರಣದ ಹಿಂದಿನ ಯೋಚನೆ ಇದೇ. ಒಂದೊಂದು ಉದ್ಯೋಗದಿಂದ ಒಬ್ಬೊಬ್ಬರು ಇರಬೇಕು ಅಂತ ಆಗ ಕಟ್ಟುನಿಟ್ಟು ಮಾಡಿಕೊಂಡಿದ್ದರು. ಆ ಕಟ್ಟುನಿಟ್ಟು ಈಗ ಸಡಿಲವಾಗಿದೆ, ಆದರೆ ಪಟ್ಟಿ ಮಾಡುವ ಅಭ್ಯಾಸ ಬಿಡಬಾರದು. ಮೂರು ಜನ ಲೆಕ್ಕಪರಿಶೋಧಕರು, ಐದು ಜನ ಡಾಕ್ಟರು, ಒಬ್ಬರೂ ಶಾಲಾ ಶಿಕ್ಷಕರಿಲ್ಲ, ಒಬ್ಬರೂ ನರ್ಸ್ ಇಲ್ಲ, ಎಲೆಕ್ಟ್ರಿಷಿಯನ್ ಇಲ್ಲ. ಬರೆದು ನೋಡಿದ ತಕ್ಷಣ ಖಾಲಿ ಜಾಗ ಎದ್ದು ಕಾಣುತ್ತದೆ. ವಯಸ್ಸಿನ ವಿಷಯದಲ್ಲೂ ಇದೇ ಲೆಕ್ಕ ಹಾಕಿ.

ಇನ್ನೊಂದು ಪಟ್ಟಿಯನ್ನು ಎಲ್ಲರೂ ಮರೆಯುತ್ತಾರೆ: ನಿಮ್ಮ ಕೆಲಸಕ್ಕೆ ಈಗಾಗಲೇ ಕೈಜೋಡಿಸಿದವರು. ಶಿಬಿರಕ್ಕೆ ಜಾಗ ಕೊಟ್ಟವರು, ಭಾಷಣಕ್ಕೆ ಬಂದ ಅತಿಥಿಗಳು, ದೇಣಿಗೆ ಕೊಟ್ಟವರು, ಸದಸ್ಯರ ಗಂಡ, ಹೆಂಡತಿ, ದೊಡ್ಡ ಮಕ್ಕಳು. ಇವರಿಗೆ ಕ್ಲಬ್ ಏನು ಅಂತ ವಿವರಿಸಬೇಕಾಗಿಲ್ಲ. ಯಾರೂ ಕರೆದಿಲ್ಲ, ಅದಕ್ಕೇ ಬಂದಿಲ್ಲ.

ಹೇಗೆ ಕೇಳಬೇಕು? ನಮ್ಮವರಿಗೆ ಸಂಕೋಚ ಜಾಸ್ತಿ.

ಮೊದಲ ಸಲ ಸಭೆಗೆ ಕರೆಯಬೇಡಿ, ಕೆಲಸಕ್ಕೆ ಕರೆಯಿರಿ. 'ನಮ್ಮ ಕ್ಲಬ್ಬಿಗೆ ಸೇರ್ತೀರಾ?' ಅನ್ನುವುದು ದೊಡ್ಡ ಪ್ರಶ್ನೆ. ಹಣ, ಸಮಯ, ಮನೆಯವರ ಒಪ್ಪಿಗೆ ಎಲ್ಲ ಒಟ್ಟಿಗೇ ತಲೆಗೆ ಬರುತ್ತದೆ. 'ಭಾನುವಾರ ಗಿಡ ನೆಡ್ತಿದ್ದೀವಿ, ಎರಡು ಗಂಟೆ ಬರ್ತೀರಾ?' ಅನ್ನುವುದಕ್ಕೆ ಹೌದು ಅನ್ನುವುದು ಸುಲಭ. ಕೈಗೆ ಮಣ್ಣು ಹತ್ತಿದ ಮೇಲೆ ಅವರೇ ಕೇಳುತ್ತಾರೆ, ಇದಕ್ಕೆ ಸೇರುವುದು ಹೇಗೆ ಅಂತ.

ಸೇರುವ ಮೊದಲು ಖರ್ಚನ್ನು ಬಿಡಿಸಿ ಹೇಳಿ. ಶುಲ್ಕ ಎಷ್ಟು, ಅದರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗೆ ಎಷ್ಟು ಹೋಗುತ್ತದೆ, ವಿಶೇಷ ವಂತಿಗೆ ವರ್ಷಕ್ಕೆ ಎಷ್ಟು ಸಲ ಬರುತ್ತದೆ. ಇಲ್ಲಿ ಮುಚ್ಚಿಟ್ಟದ್ದು ಒಂದಲ್ಲ ಒಂದು ದಿನ ಅವರಿಗೆ ಗೊತ್ತಾಗುತ್ತದೆ. ಆಗ ಹಣಕ್ಕಿಂತ ಜಾಸ್ತಿ ಅವರ ನಂಬಿಕೆ ಹೋಗುತ್ತದೆ.

ಡಿಸ್ಟ್ರಿಕ್ಟ್ (ಹಲವು ಕ್ಲಬ್ಬುಗಳನ್ನು ನೋಡಿಕೊಳ್ಳುವ ಮೇಲಿನ ಘಟಕ) ಕೊಟ್ಟ ಸದಸ್ಯರ ಸಂಖ್ಯೆಯ ಗುರಿ ಮುಟ್ಟಬೇಕು. ವರ್ಷದ ಕೊನೆಯಲ್ಲಿ ಹೆಸರುಗಳನ್ನು ಸೇರಿಸಿದರೆ ತಪ್ಪೇನು?

ತಪ್ಪು. ದಯವಿಟ್ಟು ಮಾಡಬೇಡಿ.

ರೋಟರಿ, ಲಯನ್ಸ್ ಎರಡಕ್ಕೂ ವರ್ಷ ಜುಲೈ 1ಕ್ಕೆ ಶುರು. ಜೂನ್‌ನಲ್ಲಿ ಗಡಿಬಿಡಿಯಿಂದ ಹತ್ತು ಹೆಸರು ಸೇರುತ್ತವೆ, ಪ್ರಶಸ್ತಿ ಬರುತ್ತದೆ. ಜುಲೈನಲ್ಲಿ ಮೇಲಿನ ಸಂಸ್ಥೆಯಿಂದ ತಲಾ ಲೆಕ್ಕದ ಶುಲ್ಕದ ಬಿಲ್ ಬರುತ್ತದೆ. ಅದನ್ನು ಕಟ್ಟುವವರು ಹೊಸ ಅಧ್ಯಕ್ಷರು, ಹೊಸ ಖಜಾಂಚಿ. ಒಂದು ಸಭೆಗೂ ಬಾರದವರ ಪರವಾಗಿ ಕ್ಲಬ್ಬಿನ ಹಣ ಹೋಗುತ್ತದೆ. ಇದನ್ನು ಕಂಡ ಪ್ರಾಮಾಣಿಕ ಸದಸ್ಯರು ಮನಸ್ಸು ಮುರಿದುಕೊಂಡು ಬಿಡುತ್ತಾರೆ. ಹತ್ತು ಹೆಸರು ಬಂತು, ಇಬ್ಬರು ಮನುಷ್ಯರು ಹೋದರು. ವರ್ಷಕ್ಕೆ ಮೂರು ಜನ ಸೇರಿ ಮೂವರೂ ಉಳಿದರೆ ನನ್ನ ಲೆಕ್ಕದಲ್ಲಿ ಅದು ದೊಡ್ಡ ವರ್ಷ.

ಯುವಜನ ಯಾಕೆ ಬರುವುದಿಲ್ಲ?

ಬರುತ್ತಾರೆ. ಲಯನ್ಸ್ ಜೊತೆಗಿನ ಲಿಯೋ ಕ್ಲಬ್ಬುಗಳು 1957ರಿಂದ ಇವೆ, ರೋಟರಿ ಜೊತೆಗಿನ ರೋಟರ‍್ಯಾಕ್ಟ್ 1968ರಿಂದ ಇದೆ. ಅಲ್ಲಿ ಯುವಕರು, ಯುವತಿಯರು ಹಗಲು ರಾತ್ರಿ ದುಡಿಯುತ್ತಾರೆ. ತೊಡಕು ಇರುವುದು ಅಲ್ಲಿಂದ ದೊಡ್ಡ ಕ್ಲಬ್ಬಿಗೆ ದಾಟುವ ಜಾಗದಲ್ಲಿ. ಅಲ್ಲಿ ಅಧ್ಯಕ್ಷರಾಗಿ ಇಡೀ ಪ್ರಾಜೆಕ್ಟ್ ನಡೆಸಿದವರನ್ನು ಇಲ್ಲಿ ಮೈಕ್ ಹಿಡಿಯಲು, ಬ್ಯಾನರ್ ಕಟ್ಟಲು ನಿಲ್ಲಿಸುತ್ತೇವೆ. ಎಷ್ಟು ದಿನ ನಿಂತಾರು?

ರೋಟರ‍್ಯಾಕ್ಟ್‌ನಲ್ಲಿ ಮೊದಲು 30 ವರ್ಷಕ್ಕೆ ಹೊರಗೆ ಬರಬೇಕಿತ್ತು. 2020ರ ಜುಲೈನಿಂದ ಆ ಮಿತಿ ತೆಗೆದಿದ್ದಾರೆ. ಅಂದರೆ ವಯಸ್ಸಾಯಿತು ಅಂತ ಅವರು ತಾವಾಗಿ ನಿಮ್ಮ ಬಾಗಿಲಿಗೆ ಬರುವ ಕಾಲ ಹೋಯಿತು. ಬರಬೇಕು ಅನ್ನುವಂಥ ಕಾರಣ ನೀವೇ ಕೊಡಬೇಕು. ಒಂದು ಪ್ರಾಜೆಕ್ಟನ್ನು ಬಜೆಟ್ ಸಮೇತ ಅವರ ಕೈಗೆ ಬಿಡಿ. ಹೇಗೆ ಮಾಡಬೇಕು ಅಂತ ಹೇಳಬೇಡಿ, ಲೆಕ್ಕ ಮಾತ್ರ ಕೇಳಿ.

ಸಭೆಯ ಹೊತ್ತನ್ನೂ ನೋಡಿ. ಚಿಕ್ಕ ಮಕ್ಕಳಿರುವ ತಂದೆ ತಾಯಿಗೆ ರಾತ್ರಿ ಎಂಟೂವರೆಗೆ ಶುರುವಾಗುವ ಸಭೆ ಆಗುವ ಮಾತಲ್ಲ.

ಮಹಿಳೆಯರನ್ನು ಸೇರಿಸಿಕೊಂಡರೆ ಹಳೆಯ ಸ್ನೇಹದ ವಾತಾವರಣ ಹೋಗುತ್ತದೆ ಅನ್ನುತ್ತಾರೆ ನಮ್ಮ ಹಿರಿಯರು.

ಇದನ್ನು ಈಗಲೂ ಕೇಳುತ್ತಾರೆ, ಬೇಸರವಾಗುತ್ತದೆ. ಅವರಿಗೆ ಡ್ವಾರ್ಟಿಯ ಕಥೆ ಹೇಳಿ. ಅಮೆರಿಕದ ಕ್ಯಾಲಿಫೋರ್ನಿಯಾದ ಡ್ವಾರ್ಟಿ ರೋಟರಿ ಕ್ಲಬ್ಬಿನಲ್ಲಿ ಸದಸ್ಯರ ಸಂಖ್ಯೆ ಇಳಿಯುತ್ತಾ ಬಂದಿತ್ತು. 1977ರಲ್ಲಿ ಅವರು ಮೂವರು ಮಹಿಳೆಯರನ್ನು ಸೇರಿಸಿಕೊಂಡರು. ನಿಯಮದಲ್ಲಿ ಆಗ ಗಂಡಸರಿಗಷ್ಟೇ ಅವಕಾಶ. ಮರುವರ್ಷ ಕ್ಲಬ್ಬಿನ ಚಾರ್ಟರ್, ಅಂದರೆ ಮಾನ್ಯತೆ ಪತ್ರ, ರದ್ದಾಯಿತು. ಅವರು ಕೋರ್ಟಿಗೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಸಿಲ್ವಿಯಾ ವಿಟ್ಲಾಕ್ ಆ ಕ್ಲಬ್ಬಿನ ಅಧ್ಯಕ್ಷರಾದರು. ಲಯನ್ಸ್ ಮತ್ತು ಕಿವಾನಿಸ್ ಕೂಡ 1987ರಲ್ಲೇ ಮಹಿಳೆಯರಿಗೆ ಬಾಗಿಲು ತೆರೆದವು. ರೋಟರಿ 1989ರಲ್ಲಿ ತನ್ನ ನಿಯಮವನ್ನೇ ಬದಲಿಸಿತು.

ಹತ್ತು ವರ್ಷದ ಆ ಹೋರಾಟ ಶುರುವಾದದ್ದು ನಮ್ಮದೇ ಚಿಂತೆಯಿಂದ, ಸದಸ್ಯರು ಕಡಿಮೆಯಾಗುತ್ತಿದ್ದಾರೆ ಅನ್ನುವ ಚಿಂತೆಯಿಂದ. ಅರ್ಧ ಸಮಾಜವನ್ನು ಹೊರಗಿಟ್ಟು ಜನ ಸಿಗುತ್ತಿಲ್ಲ ಅನ್ನುವುದು ಹೇಗೆ ಸರಿ? ಸೇರಿಸಿಕೊಂಡರೆ ಸಾಲದು, ಬೋರ್ಡಿನಲ್ಲಿ ಜಾಗ ಕೊಡಿ. ಪ್ರತಿ ಸಲ ಸ್ವಾಗತ ಭಾಷಣಕ್ಕೂ ಆರತಿ ತಟ್ಟೆಗೂ ಮಾತ್ರ ನೆನಪು ಮಾಡಿಕೊಳ್ಳಬೇಡಿ.

ಪ್ರತಿ ವಾರ ಸಭೆ ಬೇಕೇ ಬೇಕಾ?

ನಿಮ್ಮ ಸಂಸ್ಥೆಯ ನಿಯಮ ನೋಡಿಕೊಳ್ಳಿ. ರೋಟರಿಯಲ್ಲಿ 2016ರಿಂದ ಕ್ಲಬ್ಬುಗಳಿಗೆ ಸಡಿಲಿಕೆ ಇದೆ. ತಿಂಗಳಿಗೆ ಕನಿಷ್ಠ ಎರಡು ಸಲ ಸೇರಿದರೆ ಸಾಕು. ಆನ್‌ಲೈನ್‌ನಲ್ಲಿ ಸೇರಬಹುದು, ಸೇವಾ ಕೆಲಸವನ್ನೇ ಸಭೆ ಮಾಡಬಹುದು. ಎಷ್ಟೋ ಕ್ಲಬ್ಬುಗಳು ಇದನ್ನು ಇನ್ನೂ ಬಳಸಿಕೊಂಡೇ ಇಲ್ಲ.

ಆದರೆ ಸಭೆ ಕಡಿಮೆ ಮಾಡಿದ ಮಾತ್ರಕ್ಕೆ ಜನ ಉಳಿಯುವುದಿಲ್ಲ. ಮುಕ್ಕಾಲು ಗಂಟೆ ಸ್ವಾಗತ, ಪರಿಚಯ, ಹಾರ, ವಂದನಾರ್ಪಣೆಗೆ ಹೋಗಿ, ಕೆಲಸದ ಮಾತಿಗೆ ಹತ್ತು ನಿಮಿಷ ಉಳಿದರೆ ತಿಂಗಳಿಗೊಂದೇ ಸಭೆಯಾದರೂ ಭಾರವೇ. ಹೇಳಿದ ಹೊತ್ತಿಗೆ ಶುರು ಮಾಡಿ, ಹೇಳಿದ ಹೊತ್ತಿಗೆ ಮುಗಿಸಿ. ಹೊತ್ತಿಗೆ ಸರಿಯಾಗಿ ಬಂದವರನ್ನು ತಡವಾಗಿ ಬರುವವರಿಗಾಗಿ ಕಾಯಿಸಬೇಡಿ.

ಶುಲ್ಕ ಜಾಸ್ತಿ ಆಯಿತು ಅನ್ನುತ್ತಾರೆ.

ಲೆಕ್ಕವನ್ನು ಎಲ್ಲರ ಮುಂದೆ ಇಡಿ. ಎಷ್ಟು ಮೇಲಿನ ಸಂಸ್ಥೆಗೆ, ಎಷ್ಟು ಊಟಕ್ಕೆ, ಎಷ್ಟು ಸಭಾಂಗಣಕ್ಕೆ, ಎಷ್ಟು ಸೇವೆಗೆ. ಊಟ ಮತ್ತು ಸಭಾಂಗಣದಲ್ಲೇ ಉಳಿಸಲು ಜಾಗ ಸಿಗುತ್ತದೆ. ಕಂತಿನಲ್ಲಿ ಕಟ್ಟಲು ಬಿಡಿ. ಲಯನ್ಸ್‌ನಲ್ಲಿ ಕುಟುಂಬ ಸದಸ್ಯತ್ವ ಇದೆ. ಮೊದಲನೆಯವರು ಅಂತರರಾಷ್ಟ್ರೀಯ ಶುಲ್ಕ ಪೂರ್ತಿ ಕಟ್ಟಿದರೆ ಅದೇ ಮನೆಯ ಇನ್ನೂ ನಾಲ್ಕು ಜನರವರೆಗೆ ಅರ್ಧ ಕಟ್ಟಿದರೆ ಸಾಕು. ಇದನ್ನು ಸದಸ್ಯರಿಗೆ ತಿಳಿಸಿ.

ಒಬ್ಬರಿಗೆ ನಿಜವಾಗಿಯೂ ಕಷ್ಟ ಇದ್ದರೆ ಅಧ್ಯಕ್ಷರಿಗೂ ಖಜಾಂಚಿಗೂ ಬಿಟ್ಟು ಮೂರನೆಯವರಿಗೆ ತಿಳಿಯಬಾರದು. ಗ್ರೂಪಿನಲ್ಲಿ ಬಾಕಿದಾರರ ಪಟ್ಟಿ ಹಾಕುವುದಂತೂ ಎಂದಿಗೂ ಬೇಡ.

ವಾಟ್ಸಾಪ್ ಗ್ರೂಪ್ ಚುರುಕಾಗಿದೆ. ಅದು ಸಾಕಲ್ವಾ?

ಸಾಲದು. ದಿನ, ಹೊತ್ತು, ಜಾಗ ತಿಳಿಸಲು ಒಳ್ಳೆಯದು. ಶುಭೋದಯದ ಚಿತ್ರಗಳೇ ತುಂಬಿಕೊಂಡರೆ ಜನ ಗ್ರೂಪನ್ನು ಮ್ಯೂಟ್ ಮಾಡುತ್ತಾರೆ, ಆಮೇಲೆ ಮುಖ್ಯ ಸುದ್ದಿಯೂ ತಲುಪುವುದಿಲ್ಲ.

ಅದೇ ನಾಲ್ಕು ಜನ ಎಲ್ಲ ನಡೆಸುತ್ತಾರೆ ಅನ್ನುವ ದೂರು ಇದೆ. ಆದರೆ ಬೇರೆ ಯಾರೂ ಮುಂದೆ ಬರುವುದಿಲ್ಲ!

ಎರಡೂ ನಿಜ. ಆ ನಾಲ್ಕು ಜನ ಕೆಟ್ಟವರಲ್ಲ, ದಣಿದವರು. ಬೇರೆಯವರಿಗೆ ಕೊಟ್ಟರೆ ಕೆಲಸ ಕೆಡುತ್ತದೆ ಅನ್ನುವ ಭಯ ಅವರಿಗೆ. ಮಾಡಿದರೆ ಬೈಸಿಕೊಳ್ಳಬೇಕು ಅನ್ನುವ ಭಯ ಉಳಿದವರಿಗೆ.

'ಯಾರಾದರೂ ಮುಂದೆ ಬನ್ನಿ' ಅಂತ ಸಭೆಯಲ್ಲಿ ಕೂಗಿದರೆ ಎಲ್ಲರೂ ನೆಲ ನೋಡುತ್ತಾರೆ. ಪಕ್ಕಕ್ಕೆ ಕರೆದು ಹೆಸರು ಹಿಡಿದು ಕೇಳಿ. ಕೆಲಸ ಸಣ್ಣದಾಗಿರಲಿ, ಮುಗಿಯುವ ದಿನ ಗೊತ್ತಿರಲಿ. 'ಈ ಶಿಬಿರದ ಔಷಧಿ ಪೆಟ್ಟಿಗೆಗಳ ಲೆಕ್ಕ ನಿಮ್ಮದು, ಸಂಜೆ ಐದಕ್ಕೆ ಮುಗಿಯುತ್ತದೆ.' ಇಂಥದ್ದಕ್ಕೆ ಬೇಡ ಅನ್ನುವವರು ಕಡಿಮೆ. ಸ್ವಲ್ಪ ಏರುಪೇರಾದರೆ ಆಗಲಿ. ಎಲ್ಲರ ಮುಂದೆ ಒಂದು ಸಲ ಗದರಿದರೆ ಆ ವ್ಯಕ್ತಿ ಮತ್ತೆ ಕೈ ಹಾಕುವುದಿಲ್ಲ, ನೋಡಿದ ಇನ್ನಿಬ್ಬರೂ ಹಾಕುವುದಿಲ್ಲ.

ಮಾಜಿ ಅಧ್ಯಕ್ಷರಿಗೆ ಒಂದು ಮಾತು. ನಿಮ್ಮ ಅನುಭವ ಕ್ಲಬ್ಬಿಗೆ ಬೇಕೇ ಬೇಕು. ಹೊಸ ಅಧ್ಯಕ್ಷರು ಏನಾದರೂ ಹೇಳಿದಾಗ 'ಅದನ್ನೆಲ್ಲ ನಾವು ಮಾಡಿ ನೋಡಿದ್ದೇವೆ' ಅನ್ನುವ ವಾಕ್ಯವನ್ನು ಮಾತ್ರ ಬಿಟ್ಟುಬಿಡಿ.

ಬಿಡುತ್ತೇನೆ ಅನ್ನುವವರನ್ನು ತಡೆಯಬೇಕಾ? ಬಿಟ್ಟವರನ್ನು ಮತ್ತೆ ಕರೆಯಬಹುದಾ?

ಒಂದು ಸಲ ಮನೆಗೆ ಹೋಗಿ ಮಾತಾಡಿ. ರಜೆ ಬೇಕಾಗಿದ್ದರೆ ರಜೆ ಕೊಡಿ. ಊರು ಬಿಡುತ್ತಿದ್ದರೆ ಹೊಸ ಊರಿನ ಕ್ಲಬ್ಬಿಗೆ ನೀವೇ ಪರಿಚಯದ ಪತ್ರ ಬರೆಯಿರಿ. ಸಂಖ್ಯೆ ನಿಮ್ಮಲ್ಲಿ ಒಂದು ಇಳಿದರೂ ಸೇವೆಗೆ ಒಬ್ಬರು ಉಳಿದರು. ಬಿಡಲೇಬೇಕು ಅಂದರೆ ಗೌರವದಿಂದ ಕಳಿಸಿಕೊಡಿ, ಏನು ಸರಿಯಿರಲಿಲ್ಲ ಅಂತ ಕೇಳಿ ಬರೆದಿಟ್ಟುಕೊಳ್ಳಿ. ವಾದ ಮಾಡಬೇಡಿ.

ಚೆನ್ನಾಗಿ ಕಳಿಸಿಕೊಟ್ಟವರು ವಾಪಸ್ ಬರುತ್ತಾರೆ. ವರ್ಷಕ್ಕೊಮ್ಮೆ ಹಳೆಯ ಸದಸ್ಯರನ್ನೆಲ್ಲ ಒಂದು ಸೇವಾ ಕಾರ್ಯಕ್ರಮಕ್ಕೆ ಕರೆಯಿರಿ, ಅರ್ಜಿ ಫಾರಂ ತೋರಿಸದೆ. ನಾನು ಮೇಲೆ ಹೇಳಿದೆನಲ್ಲ, ಬಾಕಿ ಕಳಿಸಿ ರಾಜೀನಾಮೆ ಕೊಟ್ಟವರು, ಅವರನ್ನು ಎರಡು ವರ್ಷದ ಮೇಲೆ ಹಾಗೆ ಕರೆದೆ. ಬಂದರು. ತಾಯಿಯನ್ನೂ ಕರೆತಂದಿದ್ದರು. ಸದಸ್ಯರಾಗಿ ಮತ್ತೆ ಸೇರಲಿಲ್ಲ, ಆದರೆ ಪ್ರತಿ ಶಿಬಿರಕ್ಕೂ ಬಂದು ನಿಲ್ಲುತ್ತಾರೆ.

ನಾವು ಈಗ ಹತ್ತೇ ಜನ ಉಳಿದಿದ್ದೇವೆ. ಮುಚ್ಚಿಬಿಡುವುದೇ ಒಳ್ಳೆಯದಾ?

1905ರ ಫೆಬ್ರವರಿ 23ರ ಸಂಜೆ ಶಿಕಾಗೋದ ಒಂದು ಆಫೀಸು ಕೋಣೆಯಲ್ಲಿ ನಾಲ್ಕು ಜನ ಸೇರಿದ್ದರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ಗಣಿ ಎಂಜಿನಿಯರ್ ಗುಸ್ತಾವಸ್ ಲೋಯರ್, ದರ್ಜಿ ಹಿರಾಮ್ ಶೋರಿ. ರೋಟರಿ ಹುಟ್ಟಿದ್ದು ಅಲ್ಲಿ. ಒಂದು ಸಲ ಒಬ್ಬರ ಆಫೀಸು, ಇನ್ನೊಂದು ಸಲ ಇನ್ನೊಬ್ಬರದು ಅಂತ ಸರದಿಯ ಮೇಲೆ ಸೇರುತ್ತಿದ್ದರು, ಅದರಿಂದಲೇ ಆ ಹೆಸರು. ಆ ನಾಲ್ವರಲ್ಲಿ ಲೋಯರ್ ಮತ್ತು ಶೋರಿ ಕೆಲವೇ ವರ್ಷ ಸದಸ್ಯರಾಗಿದ್ದರು. ಶುರು ಮಾಡಿದವರಲ್ಲೇ ಅರ್ಧ ಜನ ಉಳಿಯಲಿಲ್ಲ, ಸಂಘ ಉಳಿಯಿತು.

ಹಾಗಾಗಿ ಹತ್ತು ಜನ ಕಡಿಮೆ ಅಂತ ನಾನು ಹೇಳುವುದಿಲ್ಲ. ಮುಂದಿನ ಸಭೆಯನ್ನು ಬಾಡಿಗೆ ಸಭಾಂಗಣದಲ್ಲಿ ಮಾಡಬೇಡಿ, ಒಬ್ಬರ ಮನೆಯಲ್ಲಿ ಸೇರಿ. ವೇದಿಕೆ, ಮೈಕು ಬೇಡ, ದುಂಡಗೆ ಕೂರಿ. ಮೂರು ತಿಂಗಳಲ್ಲಿ ಮುಗಿಯುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಹತ್ತು ಜನರಿಗೂ ಅದರಲ್ಲಿ ಪಾಲು ಇರಲಿ. ಪ್ರತಿಯೊಬ್ಬರೂ ಆ ಕೆಲಸಕ್ಕೆ ಹೊರಗಿನ ಒಬ್ಬರನ್ನು ಜೊತೆಗೆ ಕರೆತರಲಿ. ಸದಸ್ಯರಾಗಿ ಅಂತ ಅವರನ್ನು ಆಗ ಕೇಳಬೇಡಿ. ಕೆಲಸ ಮುಗಿದ ದಿನ ಎಲ್ಲರೂ ಕೂತಾಗ ಕೇಳಿ.